ದೋಣಿಯ ಅಡಿಗೆ ಬಣ್ಣ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮೀನುಗಾರಿಕೆ ರಜೆ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಬಣ್ಣದ್ದೇ. ಈ ಸಲ ಹಳೆಯ ದೋಣಿಗಳ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು 42 ಅಡಿಯ ಮರದ ಟ್ರಾಲ್ ಬೋಟು, 18 ವರ್ಷ ಹಳೆಯದು. ಕಳೆದ ಜುಲೈಯಲ್ಲಿ ಹಳೆ ಬಣ್ಣ ಕೆರೆಸಿ, ಒಳ್ಳೆಯ ಕಂಪನಿಯದೇ, ಚಿಪ್ಪು ಕೂರದಂತೆ ತಡೆಯುವ ಆ್ಯಂಟಿಫೌಲಿಂಗ್ ಬಣ್ಣ ಎರಡು ಕೋಟ್ ಹೊಡೆಸಿದೆವು. ದೀಪಾವಳಿ ಹೊತ್ತಿಗೆ ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ಎದ್ದಲ್ಲೆಲ್ಲ ಬಾರ್ನಕಲ್ ಚಿಪ್ಪು ಕೂತಿದೆ. ಬಣ್ಣವೇ ಕಳಪೆಯಿತ್ತೇ? ಈ ವರ್ಷ ಏನು ಮಾಡಬೇಕು? — ತದಡಿಯ ಓದುಗರು

ಉತ್ತರ: ಬಣ್ಣವನ್ನು ಬೈಯುವ ಮೊದಲು ಎದ್ದ ಹಕ್ಕಳೆಯೊಂದನ್ನು ಉಗುರಿನಿಂದ ಬಿಡಿಸಿ ಮಗುಚಿ ನೋಡಿ. ಕಾರಣ ಅದರ ಬೆನ್ನ ಮೇಲೇ ಇರುತ್ತದೆ. ಬೆನ್ನಿಗೆ ಮರದ ಎಳೆ, ಕಂದು ಪುಡಿ ಅಂಟಿಕೊಂಡು ಬಂದಿದ್ದರೆ ಹಲಗೆ ಹಸಿಯಿತ್ತು, ಇಲ್ಲವೇ ಮೇಲ್ಪದರ ಲಡ್ಡಾಗಿತ್ತು. ಬೆನ್ನಿಗೆ ಹಳೆ ಬಣ್ಣವೇ ನುಣ್ಣಗೆ, ಹೊಳೆಯುತ್ತ ಕಂಡರೆ ಪಾಲಿಶ್ ಪೇಪರ್ ಸರಿಯಾಗಿ ಆಡಿಸಿಲ್ಲ, ಅಥವಾ ಡೀಸೆಲ್ ಜಿಡ್ಡು ಉಳಿದಿತ್ತು. ಉಪ್ಪೋ ಎಂದು ನಾಲಿಗೆಗೆ ತಾಗಿಸಿ ನೋಡಬೇಡಿ, ಬಣ್ಣದಲ್ಲಿರುವುದು ತಾಮ್ರದ ವಿಷ. ಆದರೆ ಬೆಳ್ಳಗೆ ಉಪ್ಪಿನ ಪುಡಿಯಂತೆ ಕಂಡರೆ ಸಿಹಿನೀರಿನಲ್ಲಿ ತೊಳೆದಿಲ್ಲ ಎಂದೇ ಅರ್ಥ. ಬಣ್ಣದಡಿ ಉಳಿದ ಉಪ್ಪು ಪದರದ ಮೂಲಕವೇ ನೀರನ್ನು ಎಳೆದುಕೊಳ್ಳುತ್ತದೆ. ಮೊದಲು ಗುಳ್ಳೆ, ಆಮೇಲೆ ಹಕ್ಕಳೆ. ಹತ್ತರಲ್ಲಿ ಎಂಟು ಬೋಟುಗಳಲ್ಲಿ ಡಬ್ಬದೊಳಗಿನ ಬಣ್ಣದ ತಪ್ಪೇನೂ ಇರುವುದಿಲ್ಲ ಎಂಬುದು ನಮ್ಮ ಅಂದಾಜು.

ನಿಮ್ಮ ವಿಷಯದಲ್ಲಿ ಅನುಮಾನ ಜುಲೈಯ ಮೇಲೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಮೇಲೆ ಎಳೆಯಲು ಬೇರೆ ಹೊತ್ತಿಲ್ಲ, ಒಪ್ಪಿದೆವು. ಆದರೆ ನಮ್ಮ ಕರಾವಳಿಯಲ್ಲಿ ಬಣ್ಣಕ್ಕೆ ಅತಿ ಕೆಟ್ಟ ಎರಡು ತಿಂಗಳೂ ಅವೇ. ಹಚ್ಚುವ ಮೈಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ ಶೇ. 85 ಮೀರಬಾರದು. ಜುಲೈಯಲ್ಲಿ ಗಾಳಿ 28 ಡಿಗ್ರಿ, ತೇವಾಂಶ ಶೇ. 90 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 26 ಡಿಗ್ರಿಗೆ. ಅಂತರ ಎರಡೇ ಡಿಗ್ರಿ. ಹಲಗೆ ಮುಟ್ಟಿದರೆ ಒಣಗಿದಂತೆ ಅನ್ನಿಸುತ್ತದೆ, ಕಣ್ಣಿಗೆ ಕಾಣದ ನೀರಿನ ಪೊರೆ ಮೇಲಿರುತ್ತದೆ. ಅದರ ಮೇಲೆ ಎಷ್ಟು ದುಬಾರಿ ಬಣ್ಣ ಹೊಡೆದರೂ ನೀರಿಗೆ ಹೊಡೆದ ಹಾಗೇ.

ಆದ್ದರಿಂದ ಕೆಲಸವನ್ನು ಎರಡಾಗಿ ಒಡೆಯಿರಿ. ಮೇ ಮೂರನೇ ವಾರದ ಅಮಾವಾಸ್ಯೆಯೋ ಹುಣ್ಣಿಮೆಯೋ ನೋಡಿ, ದೊಡ್ಡ ಭರತದಲ್ಲಿ ಬೋಟು ಮೇಲೆಳೆಯಿರಿ. ಹತ್ತು ಹನ್ನೆರಡು ದಿನದ ಮೀನು ಹೋಗುತ್ತದೆ ನಿಜ. ಎರಡನೇ ಸಲ ಬಣ್ಣಕ್ಕೆ ಸುರಿಯುವ ದುಡ್ಡಿನೊಂದಿಗೆ ಅದನ್ನು ತೂಗಿ ನೋಡಿ.

ಎಳೆದ ದಿನವೇ, ಮೈ ಒದ್ದೆಯಿರುವಾಗಲೇ ಚಿಪ್ಪು ಕೆರೆಯಬೇಕು. ಒಂದು ದಿನ ಬಿಸಿಲು ತಿಂದರೆ ಅದು ಕಲ್ಲಾಗುತ್ತದೆ, ಕೆರೆದರೆ ಮರದ ಚೂರನ್ನೂ ಕಿತ್ತುಕೊಂಡು ಬರುತ್ತದೆ. ಚಿಪ್ಪು ಹಾರಿದ ಮೇಲೂ ನಾಣ್ಯದಂತೆ ಬಿಳಿ ಗುಂಡು ಗುರುತು ಉಳಿಯುತ್ತದಲ್ಲ, ಅದು ಅದರ ಸುಣ್ಣದ ಬುಡ. ಅದನ್ನೂ ತೆಗೆಯಬೇಕು, ಬಿಟ್ಟರೆ ಬಣ್ಣ ಮೊದಲು ಏಳುವುದು ಅಲ್ಲಿಂದಲೇ. ಆಮೇಲೆ ಸಿಹಿನೀರಿನಲ್ಲಿ ಬ್ರಶ್ ಹಾಕಿ ಎರಡು ಸಲ ತೊಳೆಯಿರಿ. ಮರದ ಬೋಟಿಗೆ ಪ್ರೆಶರ್ ಗನ್ ಬಳಸುವುದಾದರೆ ದೂರದಿಂದ. ಹತ್ತಿರ ಹಿಡಿದರೆ ನೀರು ಒಳಬಾರದಂತೆ ಹಲಗೆ ಸಂದಿಗೆ ತುಂಬಿದ ಹತ್ತಿಯೇ ಹೊರಬರುತ್ತದೆ.

ಹಳೆ ತಾಮ್ರದ ಬಣ್ಣವನ್ನು ಒಣಗಿದ್ದಾಗ ಉಜ್ಜಲೇಬೇಡಿ. 80 ನಂಬರಿನ ವಾಟರ್ ಪೇಪರ್, ಬಕೆಟ್ ನೀರು, ಮುಖಕ್ಕೆ ಮಾಸ್ಕ್, ಕೈಗೆ ಗವಸು. ಅಡಿಯಲ್ಲಿ ತಾಡಪತ್ರಿ ಹಾಸಿ, ಬಿದ್ದ ರಾಡಿಯನ್ನು ಬಾಚಿ ಚೀಲಕ್ಕೆ ತುಂಬಿ. ನೀವಿರುವುದು ಅಘನಾಶಿನಿ ಅಳಿವೆಯಲ್ಲಿ. ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಜಾಗ ಎಂಬುದು ಹಾಗಿರಲಿ, ನಿಮ್ಮ ಊರಿನವರೇ ಬಳಚು ಆರಿಸುವ ಕೆಸರು ಅದು.

ಮೈ ಬಿಚ್ಚಿಕೊಂಡ ಮೇಲೆ ಸಣ್ಣ ಸುತ್ತಿಗೆ ಹಿಡಿದು ಅಡಿಮರದಿಂದ ನೀರಗೆರೆಯವರೆಗೆ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಗುರುತು ಹಾಕಿ. ಮರ ಕೊರೆಯುವ ಕಡಲಹುಳು ಒಳಹೊಗುವ ತೂತು ಗುಂಡುಸೂಜಿಯ ತಲೆಯಷ್ಟೇ. ಒಳಗೆ ಬೆರಳು ದಪ್ಪದ ಸುರಂಗ, ಗೋಡೆಗೆ ಬಿಳಿ ಸುಣ್ಣದ ಲೇಪ. ಅಂಥ ಹಲಗೆಯನ್ನು ಪುಟ್ಟಿಯಿಂದ ಮುಚ್ಚುವುದು ಕಣ್ಕಟ್ಟು, ಆಚಾರಿಯನ್ನು ಕರೆಸಿ ತುಂಡು ಬದಲಿಸಿ. ಮೊಳೆಯ ಸುತ್ತ ಮರ ಕಪ್ಪಾಗಿ ಮೆತ್ತಗಾಗಿದ್ದರೆ ಕಬ್ಬಿಣ ತುಕ್ಕು ಹಿಡಿದು ಮರವನ್ನೂ ತಿನ್ನುತ್ತಿದೆ. ತಾಮ್ರದ ಬಣ್ಣ ನೇರವಾಗಿ ಕಬ್ಬಿಣದ ಮೊಳೆತಲೆಗೆ ತಾಗಿದರೆ ಉಪ್ಪುನೀರಿನಲ್ಲಿ ತುಕ್ಕು ಇನ್ನೂ ಜೋರು. ಮೊಳೆತಲೆಯನ್ನು ಒಳಕ್ಕೆ ಹೊಡೆದು, ತುಕ್ಕು ಕೆರೆದು, ಎಪಾಕ್ಸಿ ಪ್ರೈಮರ್ ಮುಟ್ಟಿಸಿ, ಮೇಲೆ ಎಪಾಕ್ಸಿ ಪುಟ್ಟಿ.

ಸಂದಿಯಲ್ಲಿ ಸಡಿಲವಾದ ಹತ್ತಿಯನ್ನಷ್ಟೇ ತೆಗೆದು ಹೊಸದು ತುಂಬಿಸಿ. ಹಲಗೆ ಒಣಗಿ ಸಂದಿ ಬಾಯಿಬಿಟ್ಟಿದೆಯೆಂದು ಬಿಗಿಯಾಗಿ ಜಡಿದರೆ, ನೀರಿಗಿಳಿದ ಮೇಲೆ ಮರ ಉಬ್ಬಿ ಹಲಗೆಯನ್ನೇ ಚೌಕಟ್ಟಿನಿಂದ ಕೀಳುತ್ತದೆ. ಅದೇ ಕಾರಣಕ್ಕೆ ಬೋಟನ್ನು ಬಟಾಬಯಲು ಬಿಸಿಲಿನಲ್ಲಿ ಬಿಡಬೇಡಿ. ಮೇಲೆ ತಾಡಪತ್ರಿ ಇರಲಿ, ಎರಡೂ ಬದಿ ಗಾಳಿಯಾಡಲಿ.

ಮರ ಬಣ್ಣಕ್ಕೆ ಸಿದ್ಧವೇ ಎಂದು ತಿಳಿಯಲು ಒಂದು ಚದರ ಅಡಿ ಪಾಲಿಥಿನ್ ಹಾಳೆಯನ್ನು ಸಂಜೆ ಹೊತ್ತು ಅಡಿಗೆ ಅಂಟಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ. ಮರುದಿನ ಮಧ್ಯಾಹ್ನ ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಿರಿ. ತೇವಾಂಶ ಅಳೆಯುವ ಮೀಟರ್ ಸಿಕ್ಕಿದರೆ ಶೇ. 18ರ ಒಳಗೆ ಬಂದಿರಬೇಕು.

ಇನ್ನು ಪ್ರೈಮರ್. ಮೊಳೆತಲೆಗೆ ಮುಟ್ಟಿಸಿದ್ದು ಸರಿ, ಹಲಗೆ ಜೋಡಿಸಿದ ಬೋಟಿನ ಇಡೀ ಮೈಗೆ ಎರಡು ಡಬ್ಬ ಬೆರೆಸಿ ಹಚ್ಚುವ ಎಪಾಕ್ಸಿ ಬೇಡ. ಮರ ಹಿಗ್ಗಿ ಕುಗ್ಗುತ್ತದೆ, ಎಪಾಕ್ಸಿ ಜಗ್ಗುವುದಿಲ್ಲ, ಸಂದಿ ಸಂದಿಗೂ ಸೀಳುತ್ತದೆ. ನೀರಿನಡಿಗೆಂದೇ ಬರುವ, ಅಲ್ಯೂಮಿನಿಯಂ ಪುಡಿ ಬೆರೆತ ಒಂದೇ ಡಬ್ಬದ ಪ್ರೈಮರ್ ತನ್ನಿ. ಬರಿ ಮರಕ್ಕೆ ಮೊದಲ ಕೋಟ್ ಶೇ. 10ರಷ್ಟು ತಿನ್ನರ್ ಬೆರೆಸಿ ಕುಡಿಸಬೇಕು, ಎರಡನೆಯದು ಹಾಗೇ. ಬಾಗಿಲು ಕಿಟಕಿಗೆ ಹೊಡೆಯುವ ಎನಾಮೆಲ್ ಮತ್ತು ರೆಡ್ ಆಕ್ಸೈಡ್ ಸದಾ ನೀರಿನಲ್ಲಿ ಮುಳುಗಿರುವ ಭಾಗಕ್ಕಲ್ಲ. ಉಪ್ಪುನೀರಿನಲ್ಲಿ ಮೆತ್ತಗಾಗುತ್ತವೆ, ಮೇಲೆ ಆ್ಯಂಟಿಫೌಲಿಂಗ್ ಬಿದ್ದರೆ ಅದರ ತಿನ್ನರಿಗೆ ಸುಕ್ಕುಗಟ್ಟಿ ಏಳುತ್ತವೆ. ಪ್ರೈಮರ್ ಕೆಲಸ ಮೊದಲ ಮಳೆಯೊಳಗೆ ಮುಗಿಯಲಿ.

ಆ್ಯಂಟಿಫೌಲಿಂಗ್ ಮಾತ್ರ ಜುಲೈ ಕೊನೆಗೆ, ತಾಡಪತ್ರಿಯ ಚಪ್ಪರದೊಳಗೆ. ಅದನ್ನು ಮೇ ತಿಂಗಳಲ್ಲೇ ಹೊಡೆದು ಎರಡು ತಿಂಗಳು ಗಾಳಿಗೆ ಬಿಟ್ಟರೆ, ರಾಳ ಬೆರೆತ ಹಳೆ ಬಗೆಯ ಬಣ್ಣವಾದರೆ ಮೇಲ್ಮೈ ಸತ್ತು ತಾಮ್ರ ಬಿಡುವುದನ್ನೇ ನಿಲ್ಲಿಸುತ್ತದೆ. ಎಷ್ಟು ದಿನದೊಳಗೆ ನೀರಿಗಿಳಿಸಬೇಕೆಂದು ಡಬ್ಬದ ಮೇಲೆ ಬರೆದಿರುತ್ತದೆ, ಅಂಗಡಿಯವರ ಮಾತಿಗಿಂತ ಅದನ್ನು ನಂಬಿ. ಪ್ರೈಮರನ್ನು 100 ನಂಬರ್ ಪೇಪರಿನಿಂದ ಹಗುರಾಗಿ ಉಜ್ಜಿ, ತೊಳೆದು, ಮಳೆ ಬಿಡುವು ಕೊಟ್ಟ ದಿನ ಬೆಳಗ್ಗೆ ಹತ್ತರ ಮೇಲೆ ಶುರುಮಾಡಿ ಮೂರೂವರೆಗೆ ಬ್ರಶ್ ಕೆಳಗಿಡಿ.

ಎಷ್ಟು ಬೇಕು? ನೀರಗೆರೆಯ ಉದ್ದವನ್ನು, ಅಗಲ ಮತ್ತು ನೀರಿನಲ್ಲಿ ಮುಳುಗುವ ಆಳ ಕೂಡಿಸಿದ ಮೊತ್ತದಿಂದ ಗುಣಿಸಿ. ನಿಮ್ಮ ಅಳತೆಯ ಬೋಟಿಗೆ 12 ಮೀಟರ್ × (3.8 + 1.4), ಅಂದರೆ ಸುಮಾರು 62 ಚದರ ಮೀಟರ್. ಲೀಟರಿಗೆ 7 ಚದರ ಮೀಟರ್ ಹಿಡಿದರೆ ಎರಡು ಕೋಟ್ ಹೊಡೆಯಲು 18 ಲೀಟರ್. ನೀರಗೆರೆ, ಮೂತಿ, ಚುಕ್ಕಾಣಿಗೆ ಮೂರನೇ ಕೋಟ್ ಬೇಕು, ಅಲ್ಲಿ ನೀರಿನ ಉಜ್ಜಾಟ ಹೆಚ್ಚು. ಒಟ್ಟು 20 ಲೀಟರ್ ತನ್ನಿ. ಅದೇ 20 ಲೀಟರಿನ ಕೆಲಸ 14ರಲ್ಲೇ ಮುಗಿಯಿತೆಂದು ಪೇಂಟರ್ ಹೇಳಿದರೆ ಖುಷಿಪಡಬೇಡಿ, ತಿನ್ನರ್ ಎಷ್ಟು ಸುರಿದ ಎಂದು ಕೇಳಿ. ಬಣ್ಣದಲ್ಲಿರುವ ತಾಮ್ರದ ಪುಡಿ, ಕ್ಯೂಪ್ರಸ್ ಆಕ್ಸೈಡ್, ಭಾರವಾದ್ದರಿಂದ ಡಬ್ಬದ ತಳದಲ್ಲಿ ಗಟ್ಟಿ ರೊಟ್ಟಿಯಂತೆ ಕೂತಿರುತ್ತದೆ. ಚಪ್ಪಟೆ ಕೋಲು ತಳಕ್ಕೆ ಮುಟ್ಟಿಸಿ ಪೂರ್ತಿ ಕಲಕದಿದ್ದರೆ ಚಿಪ್ಪು ತಡೆಯುವ ಮದ್ದು ಡಬ್ಬದಲ್ಲೇ ಉಳಿದು ಬರಿ ಕೆಂಪು ನೀರು ಬೋಟಿಗೆ ಹೋಗುತ್ತದೆ.

ಪ್ರಶ್ನೆ: 28 ಅಡಿಯ ಫೈಬರ್ ದೋಣಿ, 15 ವರ್ಷದ್ದು. ಅಡಿಯಲ್ಲಿ ತೊಗರಿಕಾಳಿನಿಂದ ಹಿಡಿದು ರೂಪಾಯಿ ನಾಣ್ಯದಷ್ಟು ಗುಳ್ಳೆಗಳಿವೆ. ಉಜ್ಜಿ ಮೇಲೆ ಬಣ್ಣ ಹೊಡೆದರೆ ಸಾಕೇ? — ಹಾರವಾಡದ ಓದುಗರು

ಉತ್ತರ: ಮೊದಲು ಕನ್ನಡಕ ಹಾಕಿಕೊಳ್ಳಿ, ಆಮೇಲೆ ಒಂದು ಗುಳ್ಳೆ ಚುಚ್ಚಿ. ಒಳಗಿನ ನೀರು ಕಣ್ಣಿಗೆ ಚಿಮ್ಮುವಷ್ಟು ಒತ್ತಡದಲ್ಲಿರಬಹುದು. ವಾಸನೆಯಿಲ್ಲದ ಬರಿ ನೀರು ಬಂದು ಅಡಿಯ ಜೆಲ್‌ಕೋಟ್ (ಫೈಬರಿನ ಹೊರಗಿನ ನುಣುಪು ಪದರ) ಗಟ್ಟಿಯಾಗಿದ್ದರೆ ಅದು ಬಣ್ಣದ ಗುಳ್ಳೆ. ನೀವು ಹೇಳಿದಂತೆ ಉಜ್ಜಿ ಹೊಡೆದರೆ ಸಾಕು. ವಿನಿಗರ್‌ನಂಥ ಹುಳಿ ವಾಸನೆ ಬಂದು, ಬೆರಳ ನಡುವೆ ಅಂಟಂಟಾದರೆ ನೀರು ಫೈಬರಿನೊಳಗೇ ಹೋಗಿ ರೆಸಿನ್ ಜೊತೆ ಸೇರಿಕೊಂಡಿದೆ. ಇದಕ್ಕೆ ಒಂದು ವಾರ ಸಾಲದು, ಫೆಬ್ರವರಿಯಿಂದ ಮೇವರೆಗಿನ ಒಣ ಹವೆ ಬೇಕು.

ಪ್ರತಿ ಗುಳ್ಳೆಯನ್ನೂ ಗ್ರೈಂಡರಿನಿಂದ ತಟ್ಟೆಯಾಕಾರಕ್ಕೆ ತೆರೆಯಿರಿ, ಗಟ್ಟಿ ಫೈಬರ್ ಸಿಗುವವರೆಗೆ. ವಾರದಲ್ಲಿ ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯುತ್ತಿರಿ. ಒಳಗಿನ ಹುಳಿರಸ ನೀರನ್ನು ಎಳೆಯುವಂಥದ್ದು, ತೊಳೆಯದೆ ಬರಿದೇ ಒಣಗಿಸಿದರೆ ಹೋಗುವುದಿಲ್ಲ. ಮೇಲೆ ಹೇಳಿದ ಪಾಲಿಥಿನ್ ಪರೀಕ್ಷೆಯಲ್ಲಿ ಪಾಸಾದ ಮೇಲೆ ಎಪಾಕ್ಸಿ ರೆಸಿನ್ ಸವರಿ, ಎಪಾಕ್ಸಿ ಪುಟ್ಟಿ ತುಂಬಿ. ಗ್ಯಾರೇಜಿನಲ್ಲಿ ಕಾರಿಗೆ ಮೆತ್ತುವ ಪುಟ್ಟಿ ಬೇಡ, ಅದು ನೀರು ಕುಡಿಯುತ್ತದೆ.

ನಂತರ ಇಡೀ ಅಡಿಗೆ ಎಪಾಕ್ಸಿ ತಡೆಪದರ, ಒಣಗಿದ ಮೇಲೆ ಒಟ್ಟು 300 ಮೈಕ್ರಾನ್ ದಪ್ಪ ಬರುವಂತೆ ನಾಲ್ಕೈದು ಕೋಟ್. ಒಂದು ಕೋಟ್ ಬೂದು, ಮರುಕೋಟ್ ಬಿಳಿ ಹೀಗೆ ಬದಲಿಸಿದರೆ ಬಿಟ್ಟುಹೋದ ಜಾಗ ತಾನೇ ಕಾಣುತ್ತದೆ. ನಿಮ್ಮ ದೋಣಿಯ ಅಡಿ ಸುಮಾರು 14 ಚದರ ಮೀಟರ್ ಆದೀತು. ಹಾಳಾಗುವುದೂ ಸೇರಿ 9 ಲೀಟರ್ ಎಪಾಕ್ಸಿ, 5 ಲೀಟರ್ ಆ್ಯಂಟಿಫೌಲಿಂಗ್. ಬೆರೆಸಿದ ಎಪಾಕ್ಸಿ ಗಟ್ಟಿಯಾಗುವ ಮೊದಲು ಎಷ್ಟು ಹೊತ್ತು ಬಳಸಬಹುದೆಂದು ಡಬ್ಬದ ಮೇಲೆ ಬರೆದಿರುವುದು ಸಾಮಾನ್ಯವಾಗಿ 25 ಡಿಗ್ರಿಗೆ. ಮೇ ತಿಂಗಳ 35 ಡಿಗ್ರಿಗೆ ಅದರ ಅರ್ಧ ಸಮಯವಷ್ಟೇ ಕೈಗೆ ಸಿಗುತ್ತದೆ, ಒಂದೊಂದೇ ಲೀಟರ್ ಬೆರೆಸಿ. ಸ್ಪಂಜಿನ ರೋಲರ್ ತಿನ್ನರಿಗೆ ಕರಗುತ್ತದೆ, ಗಿಡ್ಡ ಕೂದಲಿನದು ತನ್ನಿ.

ಎಲ್ಲರೂ ಎಡವುವುದು ಕೊನೆಯ ಎಪಾಕ್ಸಿ ಮತ್ತು ಮೊದಲ ಆ್ಯಂಟಿಫೌಲಿಂಗ್ ನಡುವೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಬಣ್ಣ ಹತ್ತಬಾರದು. ಆ ಹದದಲ್ಲೇ ಮೇಲಿನ ಕೋಟ್ ಹೊಡೆಯಬೇಕು. ರಾತ್ರಿ ಕಳೆದು ಗಟ್ಟಿಯಾದರೆ ಪೂರ್ತಿ ಉಜ್ಜದೆ ವಿಧಿಯಿಲ್ಲ. ತೇವದ ಗಾಳಿಯಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಜಿಗುಟು ಪೊರೆ ಕಟ್ಟುತ್ತದೆ. ತಿನ್ನರ್ ಬಟ್ಟೆಯಿಂದ ಒರೆಸಿದರೆ ಅದು ಹರಡುತ್ತದೆಯೇ ಹೊರತು ಹೋಗುವುದಿಲ್ಲ. ನೀರು, ಪಾತ್ರೆ ಉಜ್ಜುವ ಹಸಿರು ನಾರು, ಆಮೇಲೆ ಪೇಪರ್. ಇದೇ ಕ್ರಮ.

ಪ್ರಶ್ನೆ: ಹೊಸ ಬಣ್ಣ ಹೊಡೆದ ಮೇಲೆ ಮೀನು ತೋರಿಸುವ ಮಷಿನ್ ಮಂಕಾಗಿದೆ. ಸಂಬಂಧ ಉಂಟೇ? — ಬೇಲೆಕೇರಿಯ ಓದುಗರು

ಉತ್ತರ: ಉಂಟು. ಆ ಮಷಿನ್‌ಗಾಗಿ ದೋಣಿಯ ಅಡಿಯಿಂದ ಶಬ್ದದ ಅಲೆ ಕಳಿಸುವ ಟ್ರಾನ್ಸ್‌ಡ್ಯೂಸರ್ ಮುಖಕ್ಕೂ ಪೇಂಟರ್ ರೋಲರ್ ಆಡಿಸಿರಬೇಕು. ದಪ್ಪ ಬಣ್ಣ ಶಬ್ದದ ಅಲೆಯನ್ನು ನುಂಗುತ್ತದೆ. ನುಣುಪು ಪೇಪರಿನಿಂದ ನೀರು ಹಾಕಿ ತೆಗೆಯಿರಿ. ಪ್ಲಾಸ್ಟಿಕ್ ಮುಖವಾದರೆ ತಿನ್ನರ್ ತಾಗಿಸಬೇಡಿ. ಹಾಗೇ ಉಳಿದ ಲೋಹದ ಬದಲು ತಾವು ಸವೆಯಲೆಂದು ಅಡಿಗೆ ಕೂರಿಸಿದ ಜಿಂಕ್ ತುಂಡುಗಳನ್ನೂ ನೋಡಿ. ಅವುಗಳ ಮೇಲೆ ಬಣ್ಣ ಬಿದ್ದರೆ ಜಿಂಕ್ ಸವೆಯುವ ಬದಲು ಶಾಫ್ಟ್, ಪ್ರೊಪೆಲ್ಲರ್ ಸವೆಯುತ್ತವೆ.

ಪ್ರಶ್ನೆ: ಕಾಳಿ ನದಿ ದಡದಲ್ಲಿ ಇಳಿತದ ಹೊತ್ತು ದೋಣಿ ಕೆಸರಿಗೆ ಕೂತಾಗಲೇ ಬಣ್ಣ ಹೊಡೆದು ಮುಗಿಸಬಹುದೇ? — ಕಾರವಾರದ ಓದುಗರು

ಉತ್ತರ: ಕೆರೆದು ತೊಳೆಯಲು ಆ ಐದಾರು ಗಂಟೆ ಸಾಕು. ಬಣ್ಣಕ್ಕೆ ಸಾಲದು. ಮೈ ಒಣಗುವಷ್ಟರಲ್ಲೇ ಭರತ ತಿರುಗಿರುತ್ತದೆ.

ಪ್ರಶ್ನೆ: ಹಿಂದೆ ತಂದೆಯವರು ತರುತ್ತಿದ್ದ ಬಣ್ಣದಷ್ಟು ಈಗಿನದು ಬಾಳುವುದಿಲ್ಲ ಯಾಕೆ? — ಭಟ್ಕಳದ ಓದುಗರು

ಉತ್ತರ: ಅದರಲ್ಲಿ ತವರದ ಸಂಯುಕ್ತ ಇದ್ದಿರಬಹುದು. ಹೆಣ್ಣು ಕಡಲಬಸವನಹುಳಗಳಲ್ಲಿ ಗಂಡಿನ ಅಂಗ ಬೆಳೆಯುವಷ್ಟು ಆ ವಿಷ ನೀರಿಗೆ ಸೇರುತ್ತಿದ್ದುದರಿಂದ 2001ರ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ನಿಷೇಧಿಸಿತು. ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಹಳೆ ಡಬ್ಬ ಎಲ್ಲಾದರೂ ಮೂಲೆಯಲ್ಲಿ ಸಿಕ್ಕರೂ ಬಳಸಬೇಡಿ.

ಪ್ರಶ್ನೆ: ನಮ್ಮ ಸಣ್ಣ ಪಾತಿಗೆ ಗೇರೆಣ್ಣೆ ಹಚ್ಚುವ ರೂಢಿ. ಅದರ ಮೇಲೆ ಈಗ ಬಣ್ಣ ಹೊಡೆಯಬಹುದೇ? — ಹೊನ್ನಾವರದ ಓದುಗರು

ಉತ್ತರ: ಬೇಡ. ಗೇರುಸಿಪ್ಪೆಯ ಎಣ್ಣೆ ಕುಡಿದ ಮರಕ್ಕೆ ಬಣ್ಣ ಹಿಡಿಯುವುದಿಲ್ಲ, ತಿಂಗಳುಗಟ್ಟಲೆ ಅಂಟಾಗಿಯೇ ಉಳಿಯುತ್ತದೆ. ದಿನವೂ ದಡಕ್ಕೆ ಎಳೆಯುವ ಪಾತಿಗೆ ಚಿಪ್ಪಿನ ಕಾಟವೂ ಇಲ್ಲ, ಆ್ಯಂಟಿಫೌಲಿಂಗ್ ದುಡ್ಡು ದಂಡ. ಗೇರೆಣ್ಣೆಯನ್ನೇ ಮುಂದುವರಿಸಿ: ಮರ ಒಣಗಿದ ಮೇಲೆ ತೆಳ್ಳಗೆ ಎರಡು ಸಲ, ನಡುವೆ ಕೆಲವು ದಿನ ಬಿಸಿಲು. ಕೈಗೆ ಗವಸು ಹಾಕಿ, ಗವಸಿನ ಮೇಲಿನ ತೋಳಿಗೆ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಚರ್ಮಕ್ಕೆ ತಾಗಿದ್ದು ಆಗ ಗೊತ್ತಾಗುವುದಿಲ್ಲ, ಸುಟ್ಟ ಬೊಕ್ಕೆ ಏಳುವುದು ಮರುದಿನ.