ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ರಿಟನ್ನಿನ ಶಾಲೆಯ ಮಾತುಗಳು

ಬ್ರಿಟನ್ನಿಗೆ ಕಲಿಸಲು ಹೊರಟವರು, ಅಲ್ಲಿ ಮಕ್ಕಳನ್ನು ಓದಿಸುತ್ತಿರುವವರು ಮತ್ತು ಊರಿನಲ್ಲೇ ಇದ್ದು ಮೊಮ್ಮಕ್ಕಳ ಓದಿನ ಸುದ್ದಿ ಕೇಳುತ್ತಿರುವವರು ಬರೆದ ಕೆಲವು ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಿ.ಎಡ್., ಅಕಾಡೆಮಿ, ಪಬ್ಲಿಕ್ ಸ್ಕೂಲು ಎಲ್ಲವೂ ನಮಗೆ ಗೊತ್ತಿರುವ ಪದಗಳೇ ಆದ್ದರಿಂದ ಅವುಗಳ ಅರ್ಥ ಕೇಳಲು ಯಾರೂ ಹೋಗುವುದಿಲ್ಲ. ತೊಡಕು ಹುಟ್ಟುವುದೂ ಅಲ್ಲಿಯೇ. ಇಂಗ್ಲೆಂಡಿನ ಶಾಲೆಗಳಲ್ಲಿ ಬಹುಕಾಲ ವಿಜ್ಞಾನ ಕಲಿಸಿ ನಿವೃತ್ತರಾದ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಎಂಟು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಪತಿಗೆ ಮ್ಯಾಂಚೆಸ್ಟರಿನಲ್ಲಿ ಕೆಲಸ ಸಿಕ್ಕಿದೆ. ನಮ್ಮ ಬಿ.ಎಡ್. ಅಲ್ಲಿಯ ಶಿಕ್ಷಕ ತರಬೇತಿಯ ಪ್ರಮಾಣಪತ್ರವಾದ ಪಿಜಿಸಿಇಗೆ ಸಮ ಎಂದು ಒಬ್ಬರು ಹೇಳುತ್ತಾರೆ. ಪಿಜಿಸಿಇಯನ್ನು ಹೊಸದಾಗಿ ಮಾಡಲೇಬೇಕು, ಆನ್‌ಲೈನಿನಲ್ಲಿಯೂ ಮಾಡಬಹುದು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ?
(ದಾವಣಗೆರೆಯ ಶಿಕ್ಷಕಿ)

ಉತ್ತರ: ಮೊದಲು ಬಿ.ಎಡ್. ಎಂಬ ಹೆಸರನ್ನೇ ನೋಡೋಣ. ಬ್ರಿಟನ್ನಿನಲ್ಲಿ ಬಿ.ಎಡ್. ಎಂದರೆ ಎ ಲೆವೆಲ್ ಮುಗಿಸಿದ ಹುಡುಗ ಹುಡುಗಿಯರು, ಅಂದರೆ ನಮ್ಮ ಲೆಕ್ಕದಲ್ಲಿ ಪಿಯುಸಿ ಆದವರು, ನೇರವಾಗಿ ಸೇರುವ ಮೂರು ಅಥವಾ ನಾಲ್ಕು ವರ್ಷದ ಮೊದಲ ಪದವಿ. ಅದನ್ನು ಓದುವವರಲ್ಲಿ ಹೆಚ್ಚಿನವರು ಪ್ರಾಥಮಿಕ ಶಾಲೆಗೆ ಹೋಗುವವರು. ನಮ್ಮ ಬಿ.ಎಡ್. ಒಂದು ಪದವಿಯಾದ ಮೇಲೆ ಬರುವಂಥದ್ದು, 2015ರಿಂದೀಚೆಗೆ ಎರಡು ವರ್ಷದ್ದು. ಆದ್ದರಿಂದ ನಿಮ್ಮ ಅರ್ಜಿಯಲ್ಲಿ ಬರೀ ಬಿ.ಎಡ್. ಎಂದಿದ್ದರೆ, ಓದಿದ ಮುಖ್ಯ ಶಿಕ್ಷಕರು ನಿಮ್ಮನ್ನು ಚಿಕ್ಕ ಮಕ್ಕಳಿಗೆ ಕಲಿಸುವವರೆಂದು ಎಣಿಸುವ ಸಾಧ್ಯತೆ ಇದೆ. ಪದವಿಯ ನಂತರದ್ದು, ಪ್ರೌಢಶಾಲೆಗೆ ಸಂಬಂಧಿಸಿದ್ದು, ವಿಷಯ ಗಣಿತ ಎಂಬುದನ್ನು ಒಂದು ಸಾಲಿನಲ್ಲಿ ಬಿಡಿಸಿ ಬರೆಯಿರಿ.

ಓದಿನ ಮೆಟ್ಟಿಲಿನಲ್ಲಿ ನಮ್ಮ ಬಿ.ಎಡ್. ನಿಲ್ಲುವುದು ಪಿಜಿಸಿಇಯ ಪಕ್ಕದಲ್ಲಿ ಎಂಬ ಮಟ್ಟಿಗೆ ಮೊದಲನೆಯವರ ಮಾತು ನಿಜ. ಆದರೆ ನೀವು ಕೇಳಬೇಕಾದ ಪ್ರಶ್ನೆ ಪಿಜಿಸಿಇಯದ್ದಲ್ಲ, ಕ್ಯೂಟಿಎಸ್‌ನದು. ಪಿಜಿಸಿಇ ಎಂಬುದು ವಿಶ್ವವಿದ್ಯಾಲಯ ಕೊಡುವ ಪ್ರಮಾಣಪತ್ರ. ಕ್ಯೂಟಿಎಸ್, ಅಂದರೆ ಕ್ವಾಲಿಫೈಡ್ ಟೀಚರ್ ಸ್ಟೇಟಸ್, ನೀವು ಅರ್ಹ ಶಿಕ್ಷಕರೆಂದು ಸರ್ಕಾರದ ಕಡೆಯಿಂದ ಸಿಗುವ ಮಾನ್ಯತೆ. ಎಲ್‌ಎಲ್.ಬಿ. ಪದವಿಗೂ ವಕೀಲರ ಪರಿಷತ್ತಿನ ಸನ್ನದಿಗೂ ಇರುವಷ್ಟೇ ಅಂತರ ಇವೆರಡರ ನಡುವೆ ಇದೆ. ಸಾಮಾನ್ಯವಾಗಿ ಒಂದೇ ವರ್ಷದ ಕೋರ್ಸಿನಲ್ಲಿ ಎರಡೂ ಒಟ್ಟಿಗೆ ಕೈಸೇರುವುದರಿಂದ ಅಲ್ಲಿಯವರೇ ಎಷ್ಟೋ ಸಲ ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುತ್ತಾರೆ. ಆದರೂ ಅವು ಬೇರ್ಪಡಬಲ್ಲವು. ಶಾಲೆಗಳ ಗುಂಪೊಂದು ತಾನೇ ನಡೆಸುವ ಸ್ಕಿಟ್ ಎಂಬ ತರಬೇತಿಯಲ್ಲಿ (ನಮ್ಮ ಕಾಲೇಜು ದಿನಾಚರಣೆಯ ಸ್ಕಿಟ್ ಅಲ್ಲ, ಶಾಲಾ ಕೇಂದ್ರಿತ ಆರಂಭಿಕ ಶಿಕ್ಷಕ ತರಬೇತಿ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಪಿಜಿಸಿಇ ಇಲ್ಲದೆ ಕ್ಯೂಟಿಎಸ್ ಮಾತ್ರ ಪಡೆಯುವ ಕೋರ್ಸುಗಳಿವೆ. ಹಾಗೆಯೇ ಪಿಜಿಸಿಇ ಇದ್ದೂ ಕ್ಯೂಟಿಎಸ್ ಇಲ್ಲದಿರಬಹುದು. ದೂರಶಿಕ್ಷಣದಲ್ಲಿ ಮಾರಾಟವಾಗುವ ಪಿಜಿಸಿಇ ಇಂಟರ್‌ನ್ಯಾಷನಲ್ ಅಂಥದ್ದು. ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಮೇಲೆ ಈ ವ್ಯತ್ಯಾಸ ತಿಳಿದು ಪೆಚ್ಚಾದವರನ್ನು ನಾನು ಕಂಡಿದ್ದೇನೆ. ನಿಮಗೆ ಆನ್‌ಲೈನ್ ಎಂದವರು ಹೇಳಿದ್ದು ಬಹುಶಃ ಇದನ್ನೇ. 2022ರಲ್ಲಿ ಶುರುವಾದ ಐಕ್ಯೂಟಿಎಸ್ ಎಂಬ ಅಂತರರಾಷ್ಟ್ರೀಯ ತರಬೇತಿ ಕೋರ್ಸು ಬೇರೆ. ಅದನ್ನು ಇಂಗ್ಲೆಂಡಿನ ಹೊರಗಿದ್ದು ಮಾಡಿದರೂ ಮುಗಿದಾಗ ಕ್ಯೂಟಿಎಸ್ ದೊರೆಯುತ್ತದೆ.

ಪಿಜಿಸಿಇ ಎಂಬ ನಾಲ್ಕಕ್ಷರದಲ್ಲಿಯೂ ಒಂದು ಮರೆಮಾಚು ಇದೆ. ಪಿ ಮತ್ತು ಜಿ ಕೆಲವು ಕಡೆ ಪೋಸ್ಟ್‌ಗ್ರಾಜುಯೇಟ್, ಕೆಲವು ಕಡೆ ಪ್ರೊಫೆಷನಲ್ ಗ್ರಾಜುಯೇಟ್. ಮೊದಲನೆಯದು ಸ್ನಾತಕೋತ್ತರ ಮಟ್ಟದ್ದು, ಅದರಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು, ಹೆಚ್ಚಾಗಿ 60, ಮುಂದೆ ಎಂ.ಎ.ಗೆ ಸೇರಿಸಿಕೊಳ್ಳಬಹುದು, ಎರಡನೆಯದು ಪದವಿ ಮಟ್ಟದಲ್ಲೇ ನಿಲ್ಲುತ್ತದೆ. ಕಲಿಸುವ ಅರ್ಹತೆಯಲ್ಲಿ ಇದರಿಂದ ವ್ಯತ್ಯಾಸವಾಗುವುದಿಲ್ಲ.

ಇನ್ನು ನಿಮ್ಮ ವಿಷಯ. 2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದವರೂ ಇಂಗ್ಲೆಂಡಿನ ಕ್ಯೂಟಿಎಸ್‌ಗೆ ನೇರವಾಗಿ ಅರ್ಜಿ ಹಾಕಲು ಅವಕಾಶವಾಗಿದೆ. ಆದರೆ ಬಾಗಿಲು ಪೂರ್ತಿ ತೆರೆದಿಲ್ಲ. 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸಲು ಅರ್ಹತೆ ಪಡೆದವರಿಗೆ ಮಾತ್ರ ಅದು. ಜೊತೆಗೆ ಬೋಧನೆಯ ಅನುಭವಕ್ಕೂ ಇಂಗ್ಲಿಷ್ ಜ್ಞಾನಕ್ಕೂ ದಾಖಲೆ ಬೇಕು. ಗಣಿತದವರಾದ ನಿಮಗೆ ಹಾದಿ ಇದೆ, ನಿಮ್ಮದೇ ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರಿಗೆ ಇಲ್ಲ. ಅರ್ಜಿ ಇತ್ಯರ್ಥವಾಗುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ, ಏಕೆಂದರೆ ಹೊರದೇಶದಲ್ಲಿ ತರಬೇತಿಯಾದವರು ಕ್ಯೂಟಿಎಸ್ ಇಲ್ಲದೆಯೂ ಸ್ಥಳೀಯ ಆಡಳಿತ ನಡೆಸುವ ಶಾಲೆಗಳಲ್ಲಿ ನಾಲ್ಕು ವರ್ಷದವರೆಗೆ ಕಲಿಸಬಹುದೆಂಬ ನಿಯಮವಿದೆ. ಪದವಿಗಳ ಹೋಲಿಕೆ ತಿಳಿಸುವ ಯುಕೆ ಎನಿಕ್ ಪತ್ರವನ್ನು (ಹಳಬರು ನಾರಿಕ್ ಎನ್ನುತ್ತಾರೆ) ಕೆಲವರು ಸನ್ನದಿನಂತೆ ಜೋಪಾನ ಮಾಡುತ್ತಾರೆ. ಅದು ನಿಮ್ಮ ಪದವಿ ಅಲ್ಲಿಯ ಯಾವ ಪದವಿಗೆ ಸಮವೆಂದು ಹೇಳುತ್ತದೆಯೇ ಹೊರತು ಕಲಿಸಲು ಅನುಮತಿ ಕೊಡುವುದಿಲ್ಲ. ಈ ನಿಯಮಗಳು ಆಗಾಗ ಬದಲಾಗುವುದರಿಂದ, ಏಜೆಂಟರ ಮಾತಿಗೆ ಮೊದಲು ಇಂಗ್ಲೆಂಡಿನ ಶಿಕ್ಷಣ ಇಲಾಖೆಯ ಪುಟವನ್ನು ನೋಡಿ.

ಪ್ರಶ್ನೆ: ರೆಡಿಂಗ್ ಪಟ್ಟಣದಲ್ಲಿರುವ ಮೊಮ್ಮಗ ರಿಸೆಪ್ಷನ್‌ನಲ್ಲಿ ಓದುತ್ತಿದ್ದಾನಂತೆ. ಅವನ ಅಕ್ಕ ಇಯರ್ ಫೋರ್. ಅವಳು ನಾಲ್ಕನೇ ತರಗತಿಯೇ? ವಯಸ್ಸು ಮಾತ್ರ ಎಂಟು.
(ತುಮಕೂರಿನ ಅಜ್ಜ)

ಉತ್ತರ: ರಿಸೆಪ್ಷನ್ ಎಂದರೆ ನಮಗೆ ಆರತಕ್ಷತೆ ನೆನಪಾಗುತ್ತದೆ, ಅಲ್ಲಿ ಅದು ಪ್ರಾಥಮಿಕ ಶಾಲೆಯ ಮೊದಲ ವರ್ಷ, ನಾಲ್ಕು ತುಂಬಿದ ಮಕ್ಕಳದು. ನಮ್ಮ ಯುಕೆಜಿಯ ಹತ್ತಿರಕ್ಕೆ ಬರುತ್ತದೆ, ಆದರೆ ಶಾಲೆಯ ಭಾಗವೇ ಆಗಿರುತ್ತದೆ. ಐದು ತುಂಬಿದವರು ಇಯರ್ ಒನ್. ನಮ್ಮಲ್ಲಿ ಒಂದನೇ ತರಗತಿಗೆ ಆರು ವರ್ಷವಾಗಿರಬೇಕಾದ್ದರಿಂದ ಇಯರ್ ಸಂಖ್ಯೆಯಿಂದ ಒಂದನ್ನು ಕಳೆದರೆ ಹೆಚ್ಚು ಕಡಿಮೆ ನಮ್ಮ ತರಗತಿ ಸಿಗುತ್ತದೆ. ನಿಮ್ಮ ಮೊಮ್ಮಗಳು ಮೂರನೆಯ ತರಗತಿಯ ವಯಸ್ಸಿನವಳು. ಇಯರ್ ಇಲೆವೆನ್‌ನ ಕೊನೆಗೆ ಬರೆಯುವ ಜಿಸಿಎಸ್‌ಇ ನಮ್ಮ ಎಸ್‌ಎಸ್‌ಎಲ್‌ಸಿಯ ಜಾಗದಲ್ಲಿಯೂ, ಹನ್ನೆರಡು ಹದಿಮೂರನೆಯ ವರ್ಷಗಳು ಪಿಯುಸಿಯ ಜಾಗದಲ್ಲಿಯೂ ಬರುತ್ತವೆ. ಆ ಕೊನೆಯ ಎರಡು ವರ್ಷಗಳಿಗೆ ಸಿಕ್ಸ್ತ್ ಫಾರ್ಮ್ ಎಂಬ ಹೆಸರು ಉಳಿದುಕೊಂಡಿದೆ. ಒಂದರಿಂದ ಐದರವರೆಗಿನ ಫಾರ್ಮುಗಳು ಮಾತಿನಿಂದ ಮರೆಯಾಗಿ, ಆರನೆಯದು ಮಾತ್ರ ನಿಂತಿದೆ. ಮಗಳು ಕೀ ಸ್ಟೇಜ್ ಎಂದರೆ ಗಾಬರಿಯಾಗಬೇಡಿ. 1988ರ ಶಿಕ್ಷಣ ಕಾಯ್ದೆ ರಾಷ್ಟ್ರೀಯ ಪಠ್ಯಕ್ರಮವನ್ನು ತಂದಾಗ ವರ್ಷಗಳನ್ನು ನಾಲ್ಕು ಗುಂಪು ಮಾಡಿತು, ಅಷ್ಟೆ. ಇಯರ್ ಫೋರ್ ಎರಡನೆಯ ಗುಂಪು.

ವರ್ಷದ ಗೆರೆ ಆಗಸ್ಟ್ 31. ಆ ದಿನ ಹುಟ್ಟಿದ ಮಗು ನಾಲ್ಕು ತುಂಬಿದ ಮರುದಿನವೇ ರಿಸೆಪ್ಷನ್‌ಗೆ ಬಂದು ತರಗತಿಯ ಅತಿ ಕಿರಿಯನಾಗಬಹುದು, ಸೆಪ್ಟೆಂಬರ್ 1ರಂದು ಹುಟ್ಟಿದ ಮಗು ಇಡೀ ವರ್ಷ ಕಾದು ಬಂದು ಅತಿ ಹಿರಿಯನಾಗುತ್ತದೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಖಾಸಗಿ ಶಾಲೆ ಎನ್ನುತ್ತಾರೆ. ಇದು ಹೇಗೆ ಸಾಧ್ಯ? ಅಕಾಡೆಮಿ, ಗ್ರಾಮರ್ ಸ್ಕೂಲ್ ಇವೂ ಖಾಸಗಿಯೇ?
(ಬೆಂಗಳೂರಿನ ಪೋಷಕರು)

ಉತ್ತರ: 1382ರ ವಿಂಚೆಸ್ಟರ್, 1440ರ ಈಟನ್ ಮೊದಲಾದ ಹಳೆಯ ಶಾಲೆಗಳು ಹುಟ್ಟಿದ ಕಾಲದಲ್ಲಿ ಶ್ರೀಮಂತರ ಮಕ್ಕಳು ಮನೆಯಲ್ಲೇ ಮೇಷ್ಟರನ್ನಿಟ್ಟುಕೊಂಡು ಕಲಿಯುತ್ತಿದ್ದರು, ಖಾಸಗಿ ಕಲಿಕೆ ಎಂದರೆ ಅದು. ಊರು, ಕಸುಬು ನೋಡದೆ ಎಲ್ಲಿಯ ಹುಡುಗನನ್ನಾದರೂ ಸೇರಿಸಿಕೊಳ್ಳುವ ಶಾಲೆ ಅದಕ್ಕೆ ಎದುರಾಗಿ ಸಾರ್ವಜನಿಕ ಎನಿಸಿತು. ಶುಲ್ಕ ಕೊಡಬಲ್ಲವನಾಗಿರಬೇಕು ಎಂಬ ಷರತ್ತನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. 1868ರ ಪಬ್ಲಿಕ್ ಸ್ಕೂಲ್ಸ್ ಕಾಯ್ದೆ ಈಟನ್, ಹ್ಯಾರೋ, ರಗ್ಬಿ ಸೇರಿದಂತೆ ಏಳು ಶಾಲೆಗಳಿಗೆ ಅನ್ವಯವಾದ ಮೇಲೆ ಹೆಸರು ಕಲ್ಲಿನಲ್ಲಿ ಕೊರೆದಂತಾಯಿತು. ಸ್ಕಾಟ್ಲೆಂಡಿನಲ್ಲಿ ಅದನ್ನು ನಿಜವಾಗಿಯೇ ಕಲ್ಲಿನಲ್ಲಿ ಕೊರೆದಿದ್ದಾರೆ, ಆದರೆ ಅರ್ಥ ತಿರುಗುಮುರುಗು: ಅಲ್ಲಿಯ ಹಳೆಯ ಶಾಲಾ ಕಟ್ಟಡಗಳ ನೆತ್ತಿಯ ಮೇಲೆ ಪಬ್ಲಿಕ್ ಸ್ಕೂಲ್ ಎಂದಿದ್ದರೆ ಅದು ಸಾರ್ವಜನಿಕ ಹಣದಿಂದ ಕಟ್ಟಿದ ಊರ ಶಾಲೆ. ನಮ್ಮಲ್ಲಿ ಎರಡೂ ಅರ್ಥ ಅಕ್ಕಪಕ್ಕದಲ್ಲಿ ಬದುಕುತ್ತಿವೆ. ಬೆಂಗಳೂರಿನ ಬೀದಿಬೀದಿಯ ಪಬ್ಲಿಕ್ ಸ್ಕೂಲುಗಳು ಈಟನ್ನಿನ ಅರ್ಥವನ್ನು ಹಿಡಿದವು, ರಾಜ್ಯ ಸರ್ಕಾರದ ಕರ್ನಾಟಕ ಪಬ್ಲಿಕ್ ಶಾಲೆಗಳು ಸ್ಕಾಟ್ಲೆಂಡಿನ ಅರ್ಥವನ್ನು.

ಇಂದು ಶುಲ್ಕ ಪಡೆಯುವ ಶಾಲೆಗಳು ತಮ್ಮನ್ನು ಇಂಡಿಪೆಂಡೆಂಟ್ ಎಂದು ಕರೆದುಕೊಳ್ಳುತ್ತವೆ. 2025ರ ಜನವರಿಯಿಂದ ಅವುಗಳ ಶುಲ್ಕಕ್ಕೆ ಶೇ 20ರಷ್ಟು ವ್ಯಾಟ್ ಸೇರಿದೆ. ಅಕಾಡೆಮಿ ಎಂಬುದು ಖಾಸಗಿಯೂ ಅಲ್ಲ, ನಮ್ಮ ಊರುಗಳ ಕೋಚಿಂಗ್ ಕೇಂದ್ರವೂ ಅಲ್ಲ. ಸರ್ಕಾರದ ಹಣದಿಂದಲೇ ನಡೆಯುವ, ಆದರೆ ಸ್ಥಳೀಯ ಕೌನ್ಸಿಲ್‌ನ ಬದಲು ಟ್ರಸ್ಟೊಂದರ ಕೈಯಲ್ಲಿರುವ ಶಾಲೆ ಅದು. ಗ್ರಾಮರ್ ಸ್ಕೂಲಿನಲ್ಲಿಯೂ ಶುಲ್ಕವಿಲ್ಲ, ಹನ್ನೊಂದನೆಯ ವಯಸ್ಸಿನ ಪ್ರವೇಶ ಪರೀಕ್ಷೆ ಇದೆ. ಇಂಗ್ಲೆಂಡಿನಲ್ಲಿ ಅಂಥ 163 ಸರ್ಕಾರಿ ಶಾಲೆಗಳು ಉಳಿದಿವೆ, ಕೆಂಟ್, ಬಕಿಂಗ್‌ಹ್ಯಾಮ್‌ಶೈರ್ ಕಡೆ ಹೆಚ್ಚು. ಶಾಲೆಯ ಹೆಸರು ನೋಡಿ ಊಹಿಸುವುದಕ್ಕಿಂತ, ಖರ್ಚು ಯಾರದು ಮತ್ತು ಪ್ರವೇಶ ಯಾವ ಆಧಾರದ ಮೇಲೆ ಎಂದು ಎರಡು ಮಾತು ಕೇಳಿಬಿಡುವುದು ಸುಲಭ.

ಪ್ರಶ್ನೆ: ನಮ್ಮ ತಂದೆ ನಾರ್ಮಲ್ ಶಾಲೆ ಎನ್ನುತ್ತಿದ್ದರು, ನಾವು ಟ್ರೇನಿಂಗ್ ಕಾಲೇಜು ಎಂದೆವು, ಈಗ ಶಿಕ್ಷಣ ಮಹಾವಿದ್ಯಾಲಯ. ಈ ಬದಲಾವಣೆ ಬ್ರಿಟನ್ನಿನಿಂದ ಬಂದದ್ದೇ?
(ಧಾರವಾಡದ ನಿವೃತ್ತ ಶಿಕ್ಷಕರು)

ಉತ್ತರ: ಹೆಚ್ಚಿನ ಮಟ್ಟಿಗೆ ಹೌದು, ಆದರೆ ನಾರ್ಮಲ್ ಮೂಲದಲ್ಲಿ ಫ್ರೆಂಚರದು, ಕಲಿಸುವ ರೀತಿಗೆ ಮಾದರಿಯನ್ನು, ನಾರ್ಮನ್ನು, ಹಾಕಿಕೊಡುವ ಶಾಲೆ ಎಂಬರ್ಥ. ಡೇವಿಡ್ ಸ್ಟೋ 1837ರಲ್ಲಿ ಗ್ಲಾಸ್ಗೋದಲ್ಲಿ ನಾರ್ಮಲ್ ಸೆಮಿನರಿ ತೆರೆದರು. ಅದೇ ಹೆಸರು ಹಡಗು ಹತ್ತಿ ನಿಮ್ಮೂರಿಗೂ ಬಂತು. ಡೆಪ್ಯುಟಿ ಚನ್ನಬಸಪ್ಪನವರು ಮುಖ್ಯಸ್ಥರಾಗಿದ್ದದ್ದು ಧಾರವಾಡದ ನಾರ್ಮಲ್ ಶಾಲೆಗೇ.

ಆದರೆ ಸಾಗಾಟ ಒಂದೇ ದಿಕ್ಕಿನದಾಗಿರಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಆಶ್ರಮವನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಸ್ಥಳೀಯ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದನ್ನು ಕಂಡು ತಮ್ಮಲ್ಲಿಯೂ ಆರಂಭಿಸಿದರು. ಮೇಷ್ಟರು ಒಪ್ಪದಿದ್ದಾಗ ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸಿದರು. 1797ರಲ್ಲಿ ಅವರು ಇದನ್ನು ಲಂಡನ್ನಿನಲ್ಲಿ ಪ್ರಕಟಿಸಿದ ಮೇಲೆ ಮದರಾಸ್ ಪದ್ಧತಿ ಎಂಬ ಹೆಸರಿನಲ್ಲೇ ಅದು ಹರಡಿತು. ನಮ್ಮ ಕೂಲಿಮಠಗಳಲ್ಲಿ ಐಗಳು ಇದನ್ನು ಪದ್ಧತಿ ಎಂದು ಕರೆಯದೆಯೇ ನಡೆಸುತ್ತಿದ್ದರು. ಮುಂದೆ 1846ರಲ್ಲಿ ಬಂದ ಪ್ಯೂಪಿಲ್ ಟೀಚರ್ ವ್ಯವಸ್ಥೆಯಲ್ಲಿ ಹದಿಮೂರರ ಹುಡುಗ ಹುಡುಗಿಯರು ಐದು ವರ್ಷ ಶಾಲೆಯಲ್ಲೇ ಶಿಷ್ಯವೃತ್ತಿ ಮಾಡಿ, ಆಯ್ಕೆಯಾದವರು ಟ್ರೇನಿಂಗ್ ಕಾಲೇಜಿಗೆ ಹೋಗುತ್ತಿದ್ದರು.

ಬ್ರಿಟನ್ನಿನ ಉನ್ನತ ಶಿಕ್ಷಣವನ್ನು ಕುರಿತ 1963ರ ರಾಬಿನ್ಸ್ ವರದಿಯು ಟ್ರೇನಿಂಗ್ ಕಾಲೇಜುಗಳನ್ನು ಕಾಲೇಜ್ ಆಫ್ ಎಜುಕೇಷನ್ ಎಂದು ಕರೆಯಬೇಕೆಂದೂ ಅವುಗಳಲ್ಲಿ ಬಿ.ಎಡ್. ಪದವಿ ಇರಬೇಕೆಂದೂ ಹೇಳಿತು. ಹೆಸರು ಬದಲಾಯಿತಾದರೂ ವಾದ ಮುಗಿಯಲಿಲ್ಲ. ಲಂಡನ್ನಿನ ಸರ್ಕಾರ ಶಿಕ್ಷಕರ ಆರಂಭಿಕ ತರಬೇತಿಯನ್ನು ಇಂದಿಗೂ ಐಟಿಟಿ ಎನ್ನುತ್ತದೆ, ಕೊನೆಯ ಟಿ ಟ್ರೇನಿಂಗ್‌ನದು. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಅನೇಕ ವಿಶ್ವವಿದ್ಯಾಲಯಗಳು ಎಜುಕೇಷನ್ ಎಂಬುದನ್ನು ಬಿಡದೆ ಐಟಿಇ ಎನ್ನುತ್ತವೆ. ಕಲಿಸುವುದು ಕೈಗೆ ಹತ್ತುವ ಕಸುಬೋ, ಓದಿ ತಿಳಿಯುವ ವಿದ್ಯೆಯೋ ಎಂಬ ಹಳೆಯ ಜಗಳ ಆ ಒಂದು ಅಕ್ಷರದಲ್ಲಿ ಕೂತಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಬರೆದುಕೊಟ್ಟ ಮಾರ್ಗದರ್ಶಕಿಯಿಂದ ಕಲಿತಷ್ಟನ್ನು ಉಪನ್ಯಾಸಗಳಿಂದ ನಾನು ಕಲಿಯಲಿಲ್ಲ.

ಪ್ರಶ್ನೆ: ಇಂಗ್ಲೆಂಡಿನ ಕ್ಯೂಟಿಎಸ್ ಇದ್ದರೆ ಗ್ಲಾಸ್ಗೋದಲ್ಲಿ ಕಲಿಸಬಹುದೇ?
(ಮಂಗಳೂರಿನ ಓದುಗರು)

ಉತ್ತರ: ಅದೊಂದರಿಂದಲೇ ಆಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಕ್ಯೂಟಿಎಸ್ ಎಂಬುದೇ ಇಲ್ಲ. ಅಲ್ಲಿಯ ಜನರಲ್ ಟೀಚಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು, ಕೋರ್ಸಿನ ಹೆಸರೂ ಪಿಜಿಡಿಇ. ವೇಲ್ಸಿನಲ್ಲಿ ಕ್ಯೂಟಿಎಸ್ ಇದೆ, ಜೊತೆಗೆ ನೋಂದಣಿಯೂ ಬೇಕು. ಮಕ್ಕಳ ಪರೀಕ್ಷೆಗಳೂ ಬೇರೆ: ಸ್ಕಾಟ್ಲೆಂಡಿನವರು ಜಿಸಿಎಸ್‌ಇ, ಎ ಲೆವೆಲ್ ಬದಲು ನ್ಯಾಷನಲ್ ಫೈವ್, ಹೈಯರ್ ಎನ್ನುತ್ತಾರೆ.

ಪ್ರಶ್ನೆ: ಬರ್ಮಿಂಗ್‌ಹ್ಯಾಮಿನ ಶಾಲೆಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಇಸಿಟಿ, ಪಿಪಿಎ, ಇನ್‌ಸೆಟ್, ಸಪ್ಲೈ ಎಂದರೇನು? ಆರು ವರ್ಷದ ಅನುಭವವಿದ್ದರೂ ಟೀಚಿಂಗ್ ಅಸಿಸ್ಟೆಂಟ್ ಹುದ್ದೆಗೆ ಮಾತ್ರ ಕರೆ ಬರುತ್ತಿದೆ.
(ಹಾಸನದ ಓದುಗರು)

ಉತ್ತರ: ಇಸಿಟಿ ಎಂದರೆ ವೃತ್ತಿಯ ಆರಂಭದಲ್ಲಿರುವ ಶಿಕ್ಷಕರು. 2021ರ ಸೆಪ್ಟೆಂಬರಿನವರೆಗೆ ಎನ್‌ಕ್ಯೂಟಿ ಎಂಬ ಹೆಸರಿತ್ತು, ಅವಧಿ ಒಂದು ವರ್ಷ. ಈಗ ಎರಡು ವರ್ಷ, ಮೊದಲ ವರ್ಷ ಪಾಠದ ಹೊರೆಯಲ್ಲಿ ಶೇ 10ರಷ್ಟು, ಎರಡನೆಯ ವರ್ಷ ಶೇ 5ರಷ್ಟು ರಿಯಾಯಿತಿ. ಪಿಪಿಎ ಎಂಬುದು ಪಾಠದ ತಯಾರಿಗೂ ಪತ್ರಿಕೆ ತಿದ್ದುವುದಕ್ಕೂ ವೇಳಾಪಟ್ಟಿಯಲ್ಲೇ ಬಿಟ್ಟಿರುವ ಹೊತ್ತು, ಬೋಧನೆಯ ಸಮಯದ ಶೇ 10ಕ್ಕೆ ಕಡಿಮೆಯಿಲ್ಲದಂತೆ. ಇನ್‌ಸೆಟ್ ದಿನಗಳಲ್ಲಿ ಮಕ್ಕಳಿಗೆ ರಜೆ, ಶಿಕ್ಷಕರಿಗೆ ತರಬೇತಿ, ವರ್ಷಕ್ಕೆ ಐದು. ಅವನ್ನು ತಂದ ಶಿಕ್ಷಣ ಸಚಿವ ಕೆನೆತ್ ಬೇಕರ್ ಅವರ ನೆನಪಿಗೆ ಹಿರಿಯ ಶಿಕ್ಷಕರು ಬೇಕರ್ ಡೇ ಎನ್ನುವುದುಂಟು. ಸಪ್ಲೈ ಟೀಚರ್ ನಮ್ಮ ಅತಿಥಿ ಶಿಕ್ಷಕರನ್ನು ಹೋಲುತ್ತಾರೆ, ಆದರೆ ಒಂದೇ ದಿನಕ್ಕೂ ಕರೆಯಬಹುದು, ಬೆಳಗ್ಗೆ ಏಳಕ್ಕೆ ಏಜೆನ್ಸಿಯ ಫೋನ್ ಬಂದರೆ ಎಂಟೂವರೆಗೆ ಗೊತ್ತಿಲ್ಲದ ಶಾಲೆಯಲ್ಲಿರಬೇಕು.

ಸಂದರ್ಶನಕ್ಕೆ ಹೋದಾಗ ಪೋರ್ಷನ್ ಎಂಬ ಪದವನ್ನು ಬಳಸಬೇಡಿ. ಮೊದಲ ವರ್ಷ ಸ್ಟಾಫ್‌ರೂಮಿನಲ್ಲಿ ನನ್ನ ಪೋರ್ಷನ್ ಇನ್ನೂ ಮುಗಿದಿಲ್ಲ ಎಂದು ನಾನು ಕೊರಗಿದಾಗ ಪಕ್ಕದವರು ನನ್ನ ಚಿತ್ರಾನ್ನದ ಡಬ್ಬಿಯನ್ನು ಇಣುಕಿ ನೋಡಿ, ನಿಧಾನವಾಗಿ ತಿನ್ನಿ ಎಂದರು. ಅವರಲ್ಲಿ ಅದು ತಟ್ಟೆಗೆ ಬಡಿಸಿದ ಪಾಲು. ಪಾಠದ್ದು ಸ್ಕೀಮ್ ಆಫ್ ವರ್ಕ್. ವ್ಯಾಲ್ಯುಯೇಷನ್ ಎಂದರೂ ಮನೆ ಮಾರಲು ಹೊರಟಿದ್ದೀರಿ ಎಂದುಕೊಂಡಾರು, ಮಾರ್ಕಿಂಗ್ ಎನ್ನಿ.

ಇನ್ನು ನಿಮ್ಮ ನಿಜವಾದ ತೊಂದರೆ. ಪತ್ರದ ಜೊತೆ ಕಳಿಸಿದ ಅನುಭವ ಪ್ರಮಾಣಪತ್ರದಲ್ಲಿ ಸಹ ಶಿಕ್ಷಕರು ಎಂಬುದನ್ನು ಅಸಿಸ್ಟೆಂಟ್ ಟೀಚರ್ ಎಂದು ಇಂಗ್ಲಿಷಿಗೆ ತಂದಿದ್ದಾರೆ, ನಿಮ್ಮ ಅರ್ಜಿಯಲ್ಲಿಯೂ ಅದೇ ಇದೆ. ನಮ್ಮಲ್ಲಿ ಮುಖ್ಯ ಶಿಕ್ಷಕರನ್ನು ಬಿಟ್ಟು ಉಳಿದ ಪೂರ್ಣಪ್ರಮಾಣದ ಶಿಕ್ಷಕರೆಲ್ಲ ಸಹ ಶಿಕ್ಷಕರೇ. ಅಲ್ಲಿ ಟೀಚಿಂಗ್ ಅಸಿಸ್ಟೆಂಟ್ ಎಂದರೆ ಶಿಕ್ಷಕರ ಪಕ್ಕದಲ್ಲಿದ್ದು, ಕಲಿಕೆಯಲ್ಲಿ ಹಿಂದುಳಿದ ಒಂದೆರಡು ಮಕ್ಕಳ ಬಳಿ ಕೂತು ಸಹಾಯ ಮಾಡುವವರು. ಕ್ಯೂಟಿಎಸ್ ಬೇಕಿಲ್ಲ, ಸಂಬಳವೂ ಬಹಳ ಕಡಿಮೆ. ಆರು ವರ್ಷ ಅಂಥ ಕೆಲಸ ಮಾಡಿದವರೆಂದೇ ಓದಿದವರು ತಿಳಿದಿರಬೇಕು. ಪ್ರಮಾಣಪತ್ರವನ್ನು ತಿದ್ದಲು ಹೋಗಬೇಡಿ, ಅದು ಇದ್ದಂತೆಯೇ ಇರಲಿ. ಅರ್ಜಿಯಲ್ಲಿ ಮಾತ್ರ ಟೀಚರ್ ಆಫ್ ಸೈನ್ಸ್ ಎಂದು ಬರೆದು, ಎಂಟರಿಂದ ಹತ್ತನೇ ತರಗತಿಯವರೆಗೆ ವಾರಕ್ಕೆ ಎಷ್ಟು ಪೀರಿಯಡ್ ಸ್ವತಂತ್ರವಾಗಿ ಪಾಠ ಮಾಡುತ್ತಿದ್ದಿರಿ, ಎಸ್‌ಎಸ್‌ಎಲ್‌ಸಿಗೆ ಎಷ್ಟು ಮಕ್ಕಳನ್ನು ಸಿದ್ಧಪಡಿಸಿದಿರಿ ಎಂಬುದನ್ನು ಅದರ ಕೆಳಗೇ ಸೇರಿಸಿ.