ಎಣ್ಣೆ ಫರ್ನೇಸ್ ಇರುವ ಮನೆಗೆ ಸೌದೆ ಫರ್ನೇಸನ್ನೂ ಜೋಡಿಸಬಹುದೇ?

ನೀವು ಕೇಳಿರುವುದು ಎರಡು ವಿಷಯ. ಎಣ್ಣೆ ಫರ್ನೇಸಿನ (ಇಂಧನ ತೈಲ ಉರಿಸಿ, ಗಾಳಿ ಕಾಯಿಸಿ ಮನೆ ಬೆಚ್ಚಗಿಡುವ ಯಂತ್ರ) ಪಕ್ಕ ಸೌದೆ ಫರ್ನೇಸ್ ಕೂರಿಸಿ ಒಂದೇ ಡಕ್ಟಿಗೆ, ಅಂದರೆ ಕೋಣೆಗಳಿಗೆ ಬಿಸಿಗಾಳಿ ಒಯ್ಯುವ ಕೊಳವೆಗೆ, ಜೋಡಿಸಬಹುದೇ? ರಾತ್ರಿಯಿಡೀ ಬೆಂಕಿ ಉಳಿಯಲು ಗಾಳಿ ಕಿಂಡಿ ಮುಚ್ಚಿಡಬಹುದೇ? ಮೊದಲನೆಯದಕ್ಕೆ ಧಾರಾಳವಾಗಿ ಹೌದು. ಎರಡನೆಯದು ಬೇಡವೇ ಬೇಡ. ನಮ್ಮ ಮನೆಯಲ್ಲೂ ಎರಡೂ ಇವೆ, ಸೌದೆ ಹಾಕುವ ಕೆಲಸ ನನ್ನದೇ.

ಎರಡನೆಯದನ್ನೇ ಮೊದಲು ಹೇಳುತ್ತೇನೆ, ಅಪಾಯ ಇರುವುದು ಅಲ್ಲಿ. ಗಾಳಿ ಕಟ್ಟಿದರೆ ಸೌದೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆ ಚಿಮಣಿಯಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಕ್ರಿಯೋಸೋಟ್ ಆಗಿ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಮೊದಮೊದಲು ಅದು ಬೆರಳಿಗೆ ಉದುರುವ ಮಸಿ. ಬರಬರುತ್ತಾ ಹೊಳೆಯುವ ಗಟ್ಟಿ ಕಪ್ಪು ಪದರವಾಗುತ್ತದೆ, ಬ್ರಷ್ ಹಾಕಿ ಉಜ್ಜಿದರೂ ಏಳುವುದಿಲ್ಲ. ಅದಕ್ಕೆ ಕಿಡಿ ತಗುಲಿದರೆ ಚಿಮಣಿಯೇ ಹೊತ್ತಿ ಉರಿಯುತ್ತದೆ. ಪದರ 3 ಮಿ.ಮೀ. ಆಗುವ ಹೊತ್ತಿಗೆಲ್ಲ ಚಿಮಣಿ ಗುಡಿಸಿಸಲೇಬೇಕು.

ನಿಮ್ಮ ಬಳಿ ಎಣ್ಣೆ ಫರ್ನೇಸ್ ಇದೆಯಲ್ಲ, ರಾತ್ರಿಯನ್ನು ಅದಕ್ಕೆ ಬಿಡಿ. ಮಲಗುವ ಮುಂಚೆ ಒಣಸೌದೆ ಮಿತವಾಗಿ ಹಾಕಿ, ಜ್ವಾಲೆ ಎದ್ದು ಉರಿಯುವಷ್ಟು ಗಾಳಿ ಕೊಡಿ. ಎಣ್ಣೆಯ ಥರ್ಮೋಸ್ಟಾಟನ್ನು (ಮನೆಯ ಬಿಸಿ ನೋಡಿ ಫರ್ನೇಸನ್ನು ನಡೆಸುವ ಸಾಧನ) ಸೌದೆಯದಕ್ಕಿಂತ ಎರಡು ಮೂರು ಡಿಗ್ರಿ ಕೆಳಗಿಡಿ. ನಮ್ಮಲ್ಲಿ ಸೌದೆಯದು 20ಕ್ಕೆ, ಎಣ್ಣೆಯದು 17ಕ್ಕೆ. ಬೆಂಕಿ ಕೆಂಡಕ್ಕಿಳಿದು ಮನೆ ತಣ್ಣಗಾದಾಗ ಎಣ್ಣೆಯದು ತಾನಾಗೇ ಶುರುವಾಗುತ್ತದೆ, ಯಾರೂ ಎದ್ದು ಹೋಗಬೇಕಿಲ್ಲ.

ಜೋಡಣೆಯನ್ನು ಬಲ್ಲವರಿಂದಲೇ ಮಾಡಿಸಿ, ಆದರೆ ಏನು ನೋಡಬೇಕೆಂದು ನಿಮಗೂ ಗೊತ್ತಿರಲಿ. ಸೌದೆಯ ಬಿಸಿಗಾಳಿ ಎಣ್ಣೆ ಫರ್ನೇಸಿಗೆ ಮನೆಯ ಗಾಳಿ ವಾಪಸು ಬರುವ ಕಡೆ ಸೇರಬಾರದು. ಅಲ್ಲಿರುವ ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಮೋಟಾರು ಅಷ್ಟು ಬಿಸಿ ತಡೆಯುವುದಿಲ್ಲ. ಎರಡನ್ನೂ ಅಕ್ಕಪಕ್ಕ ಜೋಡಿಸುವುದಾದರೆ ಒಂದರ ಗಾಳಿ ಇನ್ನೊಂದರೊಳಗೆ ಹಿಂದಕ್ಕೆ ನುಗ್ಗದಂತೆ ಡ್ಯಾಂಪರ್, ಅಂದರೆ ಗಾಳಿ ತಡೆಯುವ ಮುಚ್ಚಳ, ಬೇಕು.

ಕರೆಂಟ್ ಹೋದಾಗಿನ ಮಾತು ಇದಕ್ಕಿಂತ ಮುಖ್ಯ. ಎಣ್ಣೆ ಫರ್ನೇಸ್ ತಕ್ಷಣ ನಿಲ್ಲುತ್ತದೆ, ಸೌದೆ ಬೆಂಕಿ ನಿಲ್ಲುವುದಿಲ್ಲ. ಬ್ಲೋವರ್ ನಿಂತು ಹೋದ ಮೇಲೆ ಅಷ್ಟೂ ಶಾಖ ಡಕ್ಟಿನಲ್ಲೇ ಕೂಡುತ್ತದೆ. ಅದಕ್ಕೇ ಫರ್ನೇಸಿನ ಕೈಪಿಡಿಯಲ್ಲಿ ಡಕ್ಟಿಗೂ ಮರದ ತೊಲೆಗೂ ನಡುವೆ ಎಷ್ಟು ಜಾಗ ಬಿಡಬೇಕೆಂದು ಹೇಳಿದೆಯೋ ಅದರಲ್ಲಿ ಒಂದಂಗುಲವೂ ರಾಜಿ ಬೇಡ. ಬಿಸಿಗಾಳಿ ತಾನಾಗೇ ಮೇಲೇರಿ ಹೊರಹೋಗುವ ದಾರಿಯೂ ಇರಲಿ. ಬೆಂಕಿಯಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಹಾಗಾಗಿ ಮಲಗುವ ಕೋಣೆಗಳ ಹತ್ತಿರ ಅದನ್ನು ಪತ್ತೆಹಚ್ಚುವ ಬ್ಯಾಟರಿಯ ಅಲಾರಂ ಹಾಕಿಸಿ.

ಉಳಿತಾಯದ ಲೆಕ್ಕ ನೀವೇ ಹಾಕಬಹುದು. ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 10 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆ) ಶಾಖವಿದೆ, ಒಂದು ಕಿಲೋ ಒಣಸೌದೆಯಲ್ಲಿ ಸುಮಾರು 4. ಸೌದೆ ಫರ್ನೇಸಿನಲ್ಲಿ ಹೆಚ್ಚು ಶಾಖ ಚಿಮಣಿಗೆ ಹೋಗುವುದರಿಂದ ಲೀಟರಿಗೆ ಮೂರು ಕಿಲೋ ಅಥವಾ ತುಸು ಹೆಚ್ಚು ಎಂದಿಟ್ಟುಕೊಳ್ಳಿ. ಸೌದೆಯ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಮಾತ್ರ ಈ ಲೆಕ್ಕ. ಹಸಿಸೌದೆಯಲ್ಲಿ ಸಾಕಷ್ಟು ಶಾಖ ನೀರು ಕುದಿಸಲಿಕ್ಕೇ ಹೋಗುತ್ತದೆ, ಕ್ರಿಯೋಸೋಟ್ ಬೇರೆ. ಸೀಳಿ, ನೆಲದಿಂದ ಎತ್ತರಿಸಿ ಪೇರಿಸಿ, ಮೇಲೆ ಮಾತ್ರ ಮುಚ್ಚಿ, ಪಕ್ಕಗಳನ್ನು ಗಾಳಿಗೆ ತೆರೆದಿಡಿ.

ನಿಮ್ಮ ಚಿಮಣಿಯಲ್ಲಿ ಹೊಗೆಗೆ ಎಷ್ಟು ದಾರಿಗಳಿವೆ ಎಂದು ಬರೆದಿಲ್ಲ. ಒಂದೇ ಇದ್ದರೆ ಸೌದೆ ಫರ್ನೇಸಿಗೆ ಬೇರೆ ಚಿಮಣಿ ಕಟ್ಟಿಸಿ, ಒಂದರಲ್ಲೇ ಎರಡನ್ನೂ ಸೇರಿಸಬೇಡಿ. ಆ ಖರ್ಚು ಹಿಡಿದ ಮೇಲೂ ಲೆಕ್ಕ ಕೂಡಿಬಂದರೆ ಫರ್ನೇಸ್ ಕೊಳ್ಳಿ.