ಸ್ಯಾಂಡ್‌ಮೇಯರ್ ಕ್ರಿಯೆಗೆ ತಾಮ್ರದ ಲವಣ ಯಾಕೆ ಬೇಕು?

ಬೆಂಜೀನ್ ಉಂಗುರಕ್ಕೆ ಜೋಡಿ ನೈಟ್ರೋಜನ್ ಅಂಟಿರುವ ಲವಣವೇ ಡಯಜೋನಿಯಂ ಲವಣ. ಆ ನೈಟ್ರೋಜನ್ ತೆಗೆದು ಅದರ ಜಾಗದಲ್ಲಿ ಕ್ಲೋರಿನ್‌ನಂಥದ್ದನ್ನು ಕೂರಿಸುವುದು ಸ್ಯಾಂಡ್‌ಮೇಯರ್ ಕ್ರಿಯೆ. ನೀವು ಕೇಳಿರುವುದು ಇಷ್ಟು: ಬಿಸಿ ಮಾಡಿದರೆ ಡಯಜೋನಿಯಂ ಲವಣದಿಂದ ನೈಟ್ರೋಜನ್ ತಾನಾಗಿಯೇ ಹೋಗುತ್ತದೆ. ಕ್ಲೋರೈಡ್ ಅಂತೂ ಹೈಡ್ರೋಕ್ಲೋರಿಕ್ ಆಮ್ಲದಲ್ಲೇ ಬೇಕಾದಷ್ಟಿದೆ. ಹಾಗಾದರೆ ಕ್ಲೋರೋಬೆಂಜೀನ್ ಮಾಡಲು ಕ್ಯುಪ್ರಸ್ ಕ್ಲೋರೈಡ್ (ಒಂದು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರದ ಲವಣ) ಯಾಕೆ ಹಾಕಬೇಕು?

ತಾಮ್ರ ಬಿಟ್ಟು ಮಾಡಿದರೆ ನಿಮಗೆ ಸಿಗುವುದು ಹೆಚ್ಚಾಗಿ ಫೀನಾಲ್. ಸುಮ್ನೆ ಬಿಸಿ ಮಾಡಿದಾಗ ನೈಟ್ರೋಜನ್ ಹೋಗುವಾಗ ಬಂಧದ ಎರಡೂ ಎಲೆಕ್ಟ್ರಾನ್‌ಗಳನ್ನು ಹೊತ್ತೊಯ್ಯುತ್ತದೆ. ಉಳಿಯುವುದು ಅರೈಲ್ ಕ್ಯಾಟಯಾನ್, ಅಂದರೆ ಧನ ಆವೇಶದ ಬೆಂಜೀನ್ ಉಂಗುರ. ಅದಕ್ಕೆ ಆರಿಸಿ ನೋಡುವಷ್ಟು ತಾಳ್ಮೆ ಇಲ್ಲ, ಪಕ್ಕದಲ್ಲಿ ಯಾರಿದ್ದರೆ ಅವರನ್ನೇ ಹಿಡಿಯುತ್ತದೆ. ಸುತ್ತಮುತ್ತ ಜಾಸ್ತಿ ಇರುವುದು ನೀರು ಅಲ್ವಾ?

ಕ್ಯುಪ್ರಸ್ ತಾಮ್ರ ಈ ದಾರಿಯನ್ನೇ ಬದಲಿಸುತ್ತದೆ. ಅದು ಡಯಜೋನಿಯಂಗೆ ಒಂದು ಎಲೆಕ್ಟ್ರಾನ್ ಕೈಗಡ ಕೊಟ್ಟು, ತಾನು ಕ್ಯುಪ್ರಿಕ್ (ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ) ಆಗುತ್ತದೆ. ಈಗ ನೈಟ್ರೋಜನ್ ಹೋದರೆ ಉಳಿಯುವುದು ಕ್ಯಾಟಯಾನ್ ಅಲ್ಲ, ಒಂಟಿ ಎಲೆಕ್ಟ್ರಾನ್ ಇರುವ ಅರೈಲ್ ರ‍್ಯಾಡಿಕಲ್. ಇದಕ್ಕೆ ನೀರು ರುಚಿಸುವುದಿಲ್ಲ. ನೀರಿನಿಂದ ಒಂದು ಹೈಡ್ರೋಜನ್ ಕೀಳಲು ಮೋಲಿಗೆ ಸುಮಾರು 498 ಕಿಲೋಜೌಲ್ ಬೇಕು. ಅದನ್ನು ಬೆಂಜೀನ್ ಉಂಗುರಕ್ಕೆ ಕಟ್ಟಿದರೆ ವಾಪಸ್ ಬರುವುದು ಸುಮಾರು 472. ನಷ್ಟದ ವ್ಯಾಪಾರ. ಬರೀ ಕ್ಲೋರೈಡ್ ಅಯಾನೂ ಅದಕ್ಕೆ ಪ್ರಯೋಜನವಿಲ್ಲ, ಬೇಕಿರುವುದು ಕ್ಲೋರಿನ್ ಪರಮಾಣು. ಅದು ಇರುವುದು ಆಗಷ್ಟೇ ಹುಟ್ಟಿದ ಕ್ಯುಪ್ರಿಕ್ ಕ್ಲೋರೈಡಿನಲ್ಲಿ. ರ‍್ಯಾಡಿಕಲ್ ಅಲ್ಲಿಂದ ಕ್ಲೋರಿನ್ ಎತ್ತಿಕೊಳ್ಳುತ್ತದೆ, ತಾಮ್ರ ಮತ್ತೆ ಕ್ಯುಪ್ರಸ್ ಆಗುತ್ತದೆ. ಕೈಗಡ ತೀರಿತು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಎಲೆಕ್ಟ್ರಾನ್ ಕೊಡುವುದೂ ತಾಮ್ರ, ಕ್ಲೋರಿನ್ ಕೊಡುವುದೂ ತಾಮ್ರ.

ರ‍್ಯಾಡಿಕಲ್ ನಿಜವಾಗಿಯೂ ಇದೆ ಅಂತ ಹೇಗೆ ಗೊತ್ತು? ಡಯಜೋನಿಯಂ ಗುಂಪಿನ ಪಕ್ಕದ ಕಾರ್ಬನ್ನಿಗೆ ಅಲೈಲಾಕ್ಸಿ ಬಾಲ (ಒಂದು ಆಕ್ಸಿಜನ್, ಅದರಾಚೆ ತುದಿಯಲ್ಲಿ ದ್ವಿಬಂಧವಿರುವ ಮೂರು ಕಾರ್ಬನ್) ಕಟ್ಟಿ ನೋಡುತ್ತಾರೆ. ರ‍್ಯಾಡಿಕಲ್ ಹುಟ್ಟಿದರೆ ಅದು ಆ ಬಾಲದ ದ್ವಿಬಂಧಕ್ಕೆ ತಿರುಗಿ ಅಂಟಿ, ಐದು ಪರಮಾಣುಗಳ ಉಂಗುರ ಮುಚ್ಚಿಕೊಳ್ಳುತ್ತದೆ. ಆ ಉಂಗುರ ಸಿಕ್ಕರೆ ರ‍್ಯಾಡಿಕಲ್ ಅಲ್ಲಿ ಹಾದುಹೋಗಿದೆ ಎಂದೇ ಅರ್ಥ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಪ್ರಯೋಗ ಇದು.

ಅಯೋಡಿನ್ ಸೇರಿಸಲು ತಾಮ್ರ ಬೇಡ, ಪೊಟ್ಯಾಸಿಯಂ ಅಯೊಡೈಡ್ ಸಾಕು. ಅಯೊಡೈಡ್ ತಾನೇ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ.

ಅಂದಹಾಗೆ, 1884ರಲ್ಲಿ ಸ್ಯಾಂಡ್‌ಮೇಯರ್ ಮಾಡಲು ಹೊರಟಿದ್ದು ಇದನ್ನಲ್ಲ. ಡಯಜೋನಿಯಂ ಜೊತೆ ಕ್ಯುಪ್ರಸ್ ಅಸಿಟಲೈಡ್ ಸೇರಿಸಿ ಫಿನೈಲ್ ಅಸಿಟಲೀನ್ ಪಡೆಯಬೇಕೆಂದಿದ್ದರು. ಸಿಕ್ಕಿದ್ದು ಕ್ಲೋರೋಬೆಂಜೀನ್.

ನೀವೇ ಮಾಡುವುದಾದರೆ ಒಂದು ಮಾತು. ಎಂ.ಎಸ್‌ಸಿ.ಯಲ್ಲಿ ನಾನು ಹಳೇ ಬಾಟಲಿಯ ಕ್ಯುಪ್ರಸ್ ಕ್ಲೋರೈಡ್ ಹಾಗೇ ಬಳಸಿದೆ. ಪುಡಿ ಹಸಿರಾಗಿತ್ತು. ನೊರೆ ಮಂಕಾಗಿ ಎದ್ದಿತು, ಕೊನೆಗೆ ಫ್ಲಾಸ್ಕಿನಿಂದ ಫೀನಾಲ್ ವಾಸನೆ. ಹಸಿರು ಅಂದರೆ ಗಾಳಿಗೆ ಆಗಲೇ ಕ್ಯುಪ್ರಿಕ್ ಆಗಿದೆ, ಕೊಡಲು ಎಲೆಕ್ಟ್ರಾನ್ ಉಳಿದಿಲ್ಲ. ಮುಂದಿನ ಸಲ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆಳ್ಳಗಾಗುವವರೆಗೆ ತೊಳೆದು, ಗಾಢ ಆಮ್ಲದಲ್ಲಿ ಕರಗಿಸಿದೆ. 0ರಿಂದ 5 ಡಿಗ್ರಿಯಲ್ಲಿ ಇಟ್ಟಿದ್ದ ಡಯಜೋನಿಯಂ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಸುರಿದೆ. ಸುರಿದ ಕೂಡಲೇ ನೊರೆ ಕುತ್ತಿಗೆವರೆಗೆ ಬಂತು, ಅದಕ್ಕೇ ದೊಡ್ಡ ಫ್ಲಾಸ್ಕ್ ಇಟ್ಟುಕೊಳ್ಳಿ. ಡಯಜೋನಿಯಂ ಲವಣವನ್ನು ಮಾತ್ರ ಯಾವತ್ತೂ ಒಣಗಲು ಬಿಡಬೇಡಿ, ಒಣಗಿದರೆ ಸಿಡಿಯುತ್ತದೆ.